ನಿದ್ದೆ ಮಾತ್ರೆ ಕೈಬದಲಿನ ವಸ್ತುವಲ್ಲ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿಯ ಬರಹ ರೂಪ)



ಸಂಘದ ಸಭೆಯಲ್ಲಿ ನಾವು ಉಳಿತಾಯ, ಆಂತರಿಕ ಸಾಲ, ಮರುಪಾವತಿ ಇವುಗಳ ಬಗ್ಗೆ ಮಾತಾಡುತ್ತೇವೆ. ಸಭೆ ಮುಗಿದು ಠರಾವು ಪುಸ್ತಕಕ್ಕೆ ಸಹಿ ಹಾಕಿದ ಮೇಲೆ, ಚೀಲ ಎತ್ತಿಕೊಂಡು ಹೊರಡುವಾಗ ಬೇರೆ ಮಾತು ಶುರುವಾಗುತ್ತದೆ. "ರಾತ್ರಿ ನಿದ್ದೆನೇ ಬರೋದಿಲ್ಲ ಅಕ್ಕಾ" ಎಂದು ಒಬ್ಬರು ಹೇಳುತ್ತಾರೆ. "ನಮ್ಮ ಅತ್ತೆಗೆ ಡಾಕ್ಟರು ಕೊಟ್ಟ ಮಾತ್ರೆ ಇದೆ, ಅರ್ಧ ತಗೊಂಡು ನೋಡು" ಎಂದು ಇನ್ನೊಬ್ಬರು ಹೇಳುತ್ತಾರೆ. ಇದರಲ್ಲಿ ಕೆಟ್ಟ ಮನಸ್ಸು ಇಲ್ಲ. ಸಕ್ಕರೆ, ಕಾಫಿಪುಡಿ ಕೈಬದಲು ಕೊಡುವ ಹಾಗೆಯೇ ಪ್ರೀತಿಯಿಂದ ಕೊಡುವುದು. ಆದರೆ ಆ ಅರ್ಧ ಮಾತ್ರೆ ತಲೆಯೊಳಗೆ ಹೋಗಿ ಏನು ಮಾಡುತ್ತದೆ ಎಂದು ತಿಳಿದರೆ ಯಾರೂ ಹಾಗೆ ಕೊಡಲಾರರು. ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ನಿದ್ದೆ ಎಲ್ಲಿಂದ ಬರುತ್ತದೆ?

ನಮ್ಮ ಮಿದುಳಿನ ತೂಕ ಇಡೀ ದೇಹದ ತೂಕದಲ್ಲಿ ಸುಮಾರು ನೂರಕ್ಕೆ 2 ಪಾಲು ಮಾತ್ರ. ಆದರೆ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ನೂರಕ್ಕೆ 20 ಪಾಲು ಅದಕ್ಕೇ ಬೇಕು. ಮಿದುಳಿನ ಜೀವಕೋಶಗಳು ಶಕ್ತಿಗಾಗಿ ಬಳಸುವ ವಸ್ತುವಿಗೆ ಎ.ಟಿ.ಪಿ. ಎಂದು ಹೆಸರು. ಇದನ್ನು ಒಲೆಗೆ ಹಾಕುವ ಸೌದೆ ಎಂದು ತಿಳಿಯಿರಿ. ಸೌದೆ ಉರಿದ ಮೇಲೆ ಬೂದಿ ಉಳಿಯುತ್ತದೆ ಅಲ್ಲವೇ? ಹಾಗೆಯೇ ಎ.ಟಿ.ಪಿ. ಖರ್ಚಾದ ಮೇಲೆ ಉಳಿಯುವ ವಸ್ತುವೇ ಅಡಿನೋಸಿನ್.

ಬೆಳಿಗ್ಗೆ ಎದ್ದಾಗ ಒಲೆ ಗುಡಿಸಿದ ಹಾಗೆ ಇರುತ್ತದೆ. ಹಾಲು ಕರೆದು, ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ, ಕೂಲಿಗೋ ತೋಟಕ್ಕೋ ಹೋಗಿ ಬರುವಷ್ಟರಲ್ಲಿ ಬೂದಿ ಸೇರುತ್ತಾ ಹೋಗುತ್ತದೆ. ಈ ಅಡಿನೋಸಿನ್ ಜೀವಕೋಶಗಳ ಹೊರಗೆ ಸೇರಿ, ಅವುಗಳ ಮೈಮೇಲಿರುವ ಬೀಗದಂಥ ಜಾಗಗಳಲ್ಲಿ ಕೀಲಿಕೈಯ ಹಾಗೆ ಕೂರುತ್ತದೆ. ಇಂಥ ಬೀಗಗಳಿಗೆ ಗ್ರಾಹಕ ಎನ್ನುತ್ತಾರೆ. ಒಂದು ಬಗೆಯ ಬೀಗ ತೆರೆದರೆ ನಮ್ಮನ್ನು ಎಚ್ಚರವಾಗಿಡುವ ಕೋಶಗಳು ಮೆಲ್ಲಗಾಗುತ್ತವೆ. ಇನ್ನೊಂದು ಬಗೆಯದು ತೆರೆದರೆ ನಿದ್ದೆ ತರುವ ಕೋಶಗಳು ಕೆಲಸಕ್ಕೆ ಇಳಿಯುತ್ತವೆ. ರಾತ್ರಿ ಹೊತ್ತಿಗೆ ಕಣ್ಣು ಎಳೆಯುವುದಕ್ಕೆ ಇದು ಒಂದು ಮುಖ್ಯ ಕಾರಣ. ನಾವು ಮಲಗಿದಾಗ ಅಡಿನೋಸಿನ್ ಮತ್ತೆ ಜೀವಕೋಶದೊಳಗೆ ಸೇರಿ ಕಡಿಮೆಯಾಗುತ್ತದೆ. ಬೆಳಿಗ್ಗೆಗೆ ಒಲೆ ಮತ್ತೆ ಶುಚಿ.

ಅಂದರೆ ನಿದ್ದೆ ತರುವ ಔಷಧಿಯನ್ನು ದೇವರು ನಮ್ಮ ದೇಹದಲ್ಲೇ ಇಟ್ಟಿದ್ದಾನೆ. ಹಗಲು ಪಟ್ಟ ಶ್ರಮಕ್ಕೆ ತಕ್ಕ ಹಾಗೆ ಅದು ತಾನಾಗಿ ತಯಾರಾಗುತ್ತದೆ.

ಕಾಫಿ ಮಾಡುವ ಕೆಲಸ

ಬಾಬಾ ಬುಡನ್ ಅವರು ಯೆಮೆನ್ ದೇಶದಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರು ಎಂಬ ಕಥೆ ನಿಮಗೆಲ್ಲ ಗೊತ್ತು. ಆ ಬೀಜದೊಳಗೆ ಎಚ್ಚರ ತರಿಸುವ ವಸ್ತು ಯಾವುದು ಎಂದು 1819ರಲ್ಲಿ ಜರ್ಮನಿಯ ರುಂಗೆ ಎಂಬ ವಿಜ್ಞಾನಿ ಬೇರ್ಪಡಿಸಿ ತೋರಿಸಿದರು. ಅದೇ ಕೆಫೀನ್. ಅದು ಮಿದುಳಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಮತ್ತೆ 150 ವರ್ಷ ಹಿಡಿಯಿತು. 1970ರ ಸುಮಾರಿಗೆ ವಿಷಯ ಹೊರಬಂತು: ಕೆಫೀನ್ ಕೂಡ ಅಡಿನೋಸಿನ್‌ನ ಬೀಗದೊಳಗೆ ಹೋಗಿ ಕೂರುತ್ತದೆ, ಆದರೆ ಬೀಗ ತೆರೆಯುವುದಿಲ್ಲ. ತಪ್ಪು ಕೀಲಿಕೈ ಸಿಕ್ಕಿಸಿದ ಹಾಗೆ. ಸರಿಯಾದ ಕೀಲಿಕೈಗೆ ಜಾಗವೇ ಇಲ್ಲ!

ಆದ್ದರಿಂದ ಕಾಫಿ ಕುಡಿದಾಗ ಆಯಾಸ ಹೋಗುವುದಿಲ್ಲ, ಆಯಾಸದ ಸುದ್ದಿ ಮಿದುಳಿಗೆ ತಲುಪುವುದಿಲ್ಲ ಅಷ್ಟೇ. ಬೂದಿ ಇದ್ದಲ್ಲೇ ಇರುತ್ತದೆ. ಚಹಾದಲ್ಲೂ ಕೆಫೀನ್ ಇದೆ. ಕುಡಿದದ್ದರ ಅರ್ಧ ಪಾಲು ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು. ಸಂಜೆ 6 ಗಂಟೆಗೆ ಕುಡಿದ ಗಟ್ಟಿ ಕಾಫಿಯ ಅರ್ಧ ರಾತ್ರಿ 11 ಗಂಟೆಗೂ ಒಳಗೆ ಇರುತ್ತದೆ. ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು ಹೊತ್ತು ಇರುತ್ತದೆ.

ತಪಸ್ಸು ಕಾಲದಲ್ಲಿ ಕಾಫಿ ಬಿಡುವ ವ್ರತ ಹಿಡಿದವರಿಗೆ ಮೊದಲ ಎರಡು ಮೂರು ದಿನ ತಲೆನೋವು ಬರುವುದನ್ನು ನೋಡಿದ್ದೀರಿ. ನವರಾತ್ರಿ, ರಂಜಾನ್ ಉಪವಾಸದಲ್ಲೂ ಹೀಗಾಗುತ್ತದೆ. ದಿನಾ ಬೀಗ ಮುಚ್ಚಿಸಿಕೊಂಡ ಮಿದುಳು ತನ್ನ ಕೆಲಸ ನಡೆಯಲೆಂದು ಬೀಗಗಳನ್ನೇ ಹೆಚ್ಚು ಮಾಡಿಕೊಂಡಿರುತ್ತದೆ. ಕಾಫಿ ನಿಂತಾಗ ಅಡಿನೋಸಿನ್ ಎಲ್ಲ ಬೀಗಗಳಲ್ಲೂ ಒಮ್ಮೆಗೇ ಕೂರುತ್ತದೆ, ತಲೆಯ ರಕ್ತನಾಳಗಳು ಹಿಗ್ಗುತ್ತವೆ, ತಲೆ ಸಿಡಿಯುತ್ತದೆ. ಹೊರಗಿನಿಂದ ಏನನ್ನಾದರೂ ದಿನಾ ಕೊಟ್ಟರೆ ಮಿದುಳು ಅದಕ್ಕೆ ತಕ್ಕ ಹಾಗೆ ತನ್ನನ್ನು ಬದಲಾಯಿಸಿಕೊಳ್ಳುತ್ತದೆ. ಈ ಮಾತು ನೆನಪಿಡಿ, ಮಾತ್ರೆಯ ವಿಷಯದಲ್ಲಿ ಮತ್ತೆ ಬರುತ್ತದೆ.

ನಿದ್ದೆ ಮಾತ್ರೆ ಮಾಡುವ ಕೆಲಸ

ಡಯಾಜೆಪಾಮ್, ಅಲ್ಪ್ರಾಜೋಲಾಮ್, ಲೋರಾಜೆಪಾಮ್, ಕ್ಲೋನಾಜೆಪಾಮ್, ನೈಟ್ರಾಜೆಪಾಮ್ - ಈ ಹೆಸರುಗಳು ಮಾತ್ರೆಯ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತವೆ. ಇವೆಲ್ಲ ಒಂದೇ ಕುಟುಂಬದವು. ಲಿಯೊ ಸ್ಟರ್ನ್‌ಬಾಕ್ ಎಂಬ ವಿಜ್ಞಾನಿ ಕಂಡುಹಿಡಿದ ಈ ಕುಟುಂಬದ ಮೊದಲ ಮಾತ್ರೆ ಲಿಬ್ರಿಯಂ ಎಂಬ ಹೆಸರಿನಲ್ಲಿ 1960ರಲ್ಲಿ ಮಾರುಕಟ್ಟೆಗೆ ಬಂತು. 1963ರಲ್ಲಿ ವ್ಯಾಲಿಯಂ ಬಂತು. ವ್ಯಾಲಿಯಂ ಅಂದರೆ ಡಯಾಜೆಪಾಮ್.

ಇವು ಕೆಲಸ ಮಾಡುವ ಮುಖ್ಯ ಜಾಗ ಯಾವುದು ಎಂದು 1977ರಲ್ಲಿ ಡೆನ್ಮಾರ್ಕ್ ಮತ್ತು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ತೋರಿಸಿದರು. ಮಿದುಳಿನಲ್ಲಿ ಗಾಬಾ ಎಂಬ ಇನ್ನೊಂದು ವಸ್ತು ಇದೆ. ಅದು ಗಾಡಿಯ ಬ್ರೇಕಿನ ಹಾಗೆ, ಜೀವಕೋಶಗಳ ಓಟ ತಡೆಯುತ್ತದೆ. ಮಾತ್ರೆ ಆ ಬ್ರೇಕನ್ನು ಇನ್ನಷ್ಟು ಒತ್ತುತ್ತದೆ. ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆ ಬೇರೆ ಕುಟುಂಬದ್ದಾದರೂ ಒತ್ತುವುದು ಇದೇ ಬ್ರೇಕನ್ನು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಇಲಿಗಳ ಮಿದುಳಿನ ಮೇಲೆ 1970 ಮತ್ತು 80ರ ದಶಕಗಳಲ್ಲಿ ನಡೆದ ಪ್ರಯೋಗಗಳಲ್ಲಿ ಇನ್ನೊಂದು ವಿಷಯ ಕಂಡಿತು. ಜೀವಕೋಶದ ಹೊರಗಿರುವ ಅಡಿನೋಸಿನ್ ಒಂದು ಸಣ್ಣ ಬಾಗಿಲಿನ ಮೂಲಕ ಒಳಗೆ ಹೋಗುತ್ತದೆ ಎಂದೆವಲ್ಲ, ಈ ಕುಟುಂಬದ ಹಲವು ಮಾತ್ರೆಗಳು ಆ ಬಾಗಿಲನ್ನು ಸ್ವಲ್ಪ ಮುಚ್ಚುತ್ತವೆ. ಆಗ ಅಡಿನೋಸಿನ್ ಹೊರಗೇ ಹೆಚ್ಚು ಹೊತ್ತು ನಿಂತು ಮಂಪರು ಹೆಚ್ಚಾಗಲು ಸಹಾಯವಾಗುತ್ತದೆ. ಎಲ್ಲ ಮಾತ್ರೆಗಳಲ್ಲೂ ಈ ಗುಣ ಸಮನಾಗಿ ಇಲ್ಲ. ಗಾಬಾ ಬ್ರೇಕಿನ ಮುಂದೆ ಇದು ಎಷ್ಟು ದೊಡ್ಡದು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇದೆ.

ಆಸ್ಪತ್ರೆಯಿಂದಲೂ ಒಂದು ಸಾಕ್ಷಿ ಸಿಕ್ಕಿತು. 1980ರ ದಶಕದ ಆರಂಭದಲ್ಲಿ ಅರಿವಳಿಕೆ ಕೊಡುವ ವೈದ್ಯರು ಗಮನಿಸಿದ್ದು ಇದು: ಡಯಾಜೆಪಾಮ್ ಕೊಟ್ಟು ಮಂಪರಿನಲ್ಲಿದ್ದ ರೋಗಿಗೆ ಅಮಿನೋಫಿಲಿನ್ ಕೊಟ್ಟರೆ ಬೇಗ ಎಚ್ಚರವಾಗುತ್ತಿತ್ತು. ಅಮಿನೋಫಿಲಿನ್ ದಮ್ಮಿನ ಔಷಧಿ. ಅದೂ ಕಾಫಿಯ ಹಾಗೆ ಅಡಿನೋಸಿನ್ ಬೀಗವನ್ನು ಮುಚ್ಚುವಂಥದ್ದು. ಇದನ್ನು ಕೇಳಿ ಮನೆಯಲ್ಲಿ ಪ್ರಯೋಗ ಮಾಡಲು ಹೋಗಬೇಡಿ. ಆ ಔಷಧಿ ಹೆಚ್ಚಾದರೆ ಫಿಟ್ಸ್ ಬರುತ್ತದೆ, ಎದೆಬಡಿತ ತಪ್ಪುತ್ತದೆ.

ಇನ್ನೊಂದು ಮಾತು. ಅಡಿನೋಸಿನ್ ತಾನಾಗಿ ತರುವ ನಿದ್ದೆಯಲ್ಲಿ ಆಳವಾದ ನಿದ್ದೆಯ ಪಾಲು ಚೆನ್ನಾಗಿರುತ್ತದೆ. ಡಯಾಜೆಪಾಮ್ ಕುಟುಂಬದ ಮಾತ್ರೆ ತರುವ ನಿದ್ದೆಯಲ್ಲಿ ಆ ಆಳವಾದ ಪಾಲು ಕಡಿಮೆಯಾಗುತ್ತದೆ. "ಎಂಟು ಗಂಟೆ ಮಲಗಿದೆ, ಆದರೂ ಮೈ ಭಾರ" ಎಂದು ಮಾತ್ರೆ ನುಂಗುವವರು ಹೇಳುವುದು ಸುಳ್ಳಲ್ಲ.

ಮಾತ್ರೆ ಮತ್ತು ಮದ್ಯ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಮದ್ಯ ಕೂಡ ಗಾಬಾ ಬ್ರೇಕನ್ನೇ ಒತ್ತುತ್ತದೆ. ಅಡಿನೋಸಿನ್ ಒಳಗೆ ಹೋಗುವ ಅದೇ ಬಾಗಿಲನ್ನು ಮದ್ಯವೂ ಮುಚ್ಚುತ್ತದೆ. ಅಂದರೆ ಮಾತ್ರೆ ಮತ್ತು ಮದ್ಯ ಎರಡೂ ಒಂದೇ ಬ್ರೇಕಿನ ಮೇಲೆ ಕಾಲಿಡುತ್ತವೆ, ಒಂದೇ ಬಾಗಿಲಿಗೆ ಒರಗುತ್ತವೆ. ಒಂದೊಂದಾಗಿ ತಡೆಯಬಹುದಾದ ಪ್ರಮಾಣ ಎರಡೂ ಸೇರಿದಾಗ ಪ್ರಾಣ ತೆಗೆಯಬಹುದು. ಹೇಗೆ? ಉಸಿರಾಡು ಎಂದು ಹೇಳುವುದೂ ಮಿದುಳೇ. ಮಿದುಳು ಅತಿಯಾಗಿ ಮಂಕಾದರೆ ಉಸಿರು ನಿಧಾನವಾಗಿ, ಕೊನೆಗೆ ನಿಂತೇ ಹೋಗಬಹುದು. ನೆರೆಯ ತೆಲಂಗಾಣದಲ್ಲಿ ಸೇಂದಿಗೆ ಅಲ್ಪ್ರಾಜೋಲಾಮ್ ಬೆರೆಸಿ ಮಾರಿ, ಕುಡಿದವರು ಆಸ್ಪತ್ರೆ ಸೇರಿದ ಪ್ರಕರಣಗಳು ವರ್ಷಗಳಿಂದ ವರದಿಯಾಗುತ್ತಿವೆ.

ಸಹೋದರಿಯರೇ, ಇಲ್ಲಿ ಬಾಯಿ ಬಿಟ್ಟು ಹೇಳಲು ಕಷ್ಟವಾದ ಒಂದು ಮಾತನ್ನು ಹೇಳಲೇಬೇಕು. ಕುಡಿದು ಬಂದ ಗಂಡ ಹೊಡೆಯದೆ, ಬಯ್ಯದೆ ಮಲಗಲಿ, ಮಕ್ಕಳು ನೆಮ್ಮದಿಯಾಗಿ ಉಣ್ಣಲಿ ಎಂದು ಸಾರಿನಲ್ಲಿ ಮಾತ್ರೆ ಪುಡಿ ಮಾಡಿ ಹಾಕುವ ಯೋಚನೆ ಕೆಲವರಿಗೆ ಬರುತ್ತದೆ. ಆ ಯೋಚನೆಯ ಹಿಂದೆ ಎಷ್ಟು ನೋವಿದೆ ಎಂದು ನಮಗೆ ಅರ್ಥವಾಗುತ್ತದೆ. ಆದರೂ ಕೈಮುಗಿದು ಹೇಳುತ್ತೇವೆ, ಬೇಡ. ಅವನು ಎಷ್ಟು ಕುಡಿದಿದ್ದಾನೆ ಎಂದು ನಿಮಗೆ ಗೊತ್ತಿಲ್ಲ. ಬೆಳಿಗ್ಗೆ ಅವನು ಏಳದೇ ಹೋದರೆ ಮಕ್ಕಳಿಗೆ ಅಪ್ಪನೂ ಇಲ್ಲ, ಅಮ್ಮ ಪೊಲೀಸ್ ಠಾಣೆಯಲ್ಲಿ. ಹೊಡೆತ ತಡೆಯಲು ಬೇರೆ ದಾರಿ ಇದೆ. ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112. ಪಕ್ಕದ ಮನೆಯ ಸಂಘದ ಸದಸ್ಯೆ ಎಲ್ಲಕ್ಕಿಂತ ಹತ್ತಿರ.

ಮದ್ಯವರ್ಜನ ಚಿಕಿತ್ಸೆ ಪಡೆದು ಬಂದ ಮನೆಗಳಿಗೂ ಒಂದು ಮಾತು. ಕುಡಿತ ಬಿಟ್ಟಾಗ ಬರುವ ನಡುಕ, ಫಿಟ್ಸ್ ತಡೆಯಲು ವೈದ್ಯರು ಲಿಬ್ರಿಯಂ ಅಥವಾ ಡಯಾಜೆಪಾಮ್ ಗುಂಪಿನ ಮಾತ್ರೆಯನ್ನು ಕೆಲವು ದಿನ ಕೊಡುತ್ತಾರೆ, ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾರೆ. ಅದು ಸರಿಯಾದ ಚಿಕಿತ್ಸೆ. ಆದರೆ ಮನೆಗೆ ಬಂದವರು ಮಾತ್ರೆಯನ್ನೂ ತೆಗೆದುಕೊಂಡು ಮತ್ತೆ ಕುಡಿಯಲೂ ಶುರು ಮಾಡಿದರೆ ಅಪಾಯ. ಹಾಗಾದ ದಿನವೇ ವೈದ್ಯರಿಗೆ ತಿಳಿಸಿ. ಮರ್ಯಾದೆ ಹೋಗುತ್ತದೆ ಎಂದು ಮುಚ್ಚಿಡಬೇಡಿ.

ಎಬ್ಬಿಸಿದರೂ ಏಳದಿದ್ದರೆ, ಗೊರಗೊರ ಶಬ್ದ ಬರುತ್ತಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ, ತುಟಿ ನೀಲಿಯಾಗಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ವಾಂತಿ ಮಾಡಿಸಲು ಹೋಗಬೇಡಿ. ಕಾಫಿ, ಮಜ್ಜಿಗೆ, ನಿಂಬೆರಸ ಏನನ್ನೂ ಬಾಯಿಗೆ ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಕಾಫಿ ಅಡಿನೋಸಿನ್ ಬೀಗ ಮುಚ್ಚಬಹುದು, ಆದರೆ ಗಾಬಾ ಬ್ರೇಕನ್ನು ಬಿಡಿಸಲಾರದು. ಮಾತ್ರೆಯ ಖಾಲಿ ಪಟ್ಟಿಯನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ.

ಅಭ್ಯಾಸವಾದ ಮೇಲೆ

ಕಾಫಿಯ ತಲೆನೋವಿನ ವಿಷಯ ಹೇಳಿದೆವಲ್ಲ, ಈಗ ಅದು ಬಂತು. ಕೆಲವು ವಾರ ದಿನಾ ಮಾತ್ರೆ ನುಂಗಿದರೆ ಮಿದುಳು ತನ್ನ ಸ್ವಂತ ಬ್ರೇಕನ್ನು ಸಡಿಲ ಮಾಡಿಕೊಳ್ಳುತ್ತದೆ. ಅರ್ಧ ಮಾತ್ರೆ ಸಾಲದು, ಒಂದು ಬೇಕು ಅನ್ನಿಸುತ್ತದೆ. ಒಮ್ಮೆಗೇ ನಿಲ್ಲಿಸಿದರೆ ಗಾಬರಿ, ಬೆವರು, ನಡುಕ, ಮೊದಲಿಗಿಂತ ಹೆಚ್ಚಿನ ನಿದ್ರಾಹೀನತೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ.

ಆದ್ದರಿಂದ ಈ ಮಾತು ಕೇಳಿ ಮನೆಗೆ ಹೋಗಿ ಅತ್ತೆಯ ಮಾತ್ರೆಯನ್ನು ಒಲೆಗೆ ಹಾಕಬೇಡಿ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ವೈದ್ಯರ ಹತ್ತಿರ ಹೋಗಿ, ಅವರು ಹೇಳಿದ ಹಾಗೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಮೂರ್ಛೆರೋಗಕ್ಕೆ ಕ್ಲೋನಾಜೆಪಾಮ್ ಅಥವಾ ಫೀನೋಬಾರ್ಬಿಟೋನ್ ತೆಗೆದುಕೊಳ್ಳುವವರು ವೈದ್ಯರು ಹೇಳದೆ ಒಂದು ದಿನವೂ ಬಿಡಬಾರದು. ಅವರಿಗೆ ಅದು ಜೀವ ಕಾಯುವ ಔಷಧಿ.

ವಯಸ್ಸಾದವರಲ್ಲಿ ಈ ಮಾತ್ರೆ ದೇಹದಿಂದ ನಿಧಾನವಾಗಿ ಹೋಗುತ್ತದೆ. ರಾತ್ರಿ ಬಚ್ಚಲಿಗೆ ಎದ್ದಾಗ ತೂರಾಡಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಇದೇ ಕಾರಣಕ್ಕೆ. ಬಸುರಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಮುಟ್ಟಬಾರದು. ತೂಕಡಿಕೆ ತರುವ ಶೀತದ ಮಾತ್ರೆ, ಕೆಮ್ಮಿನ ಸಿರಪ್ ಕೂಡ ಇದರ ಜೊತೆ ಸೇರಿ ಮಂಪರು ಹೆಚ್ಚಿಸುತ್ತವೆ.

ಕಾನೂನು ಏನು ಹೇಳುತ್ತದೆ? 2014ರ ಮಾರ್ಚ್ 1ರಿಂದ ಅಲ್ಪ್ರಾಜೋಲಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೋಲ್ಪಿಡೆಮ್ ಮುಂತಾದವು ಎಚ್1 ಎಂಬ ಪಟ್ಟಿಗೆ ಸೇರಿವೆ. ವೈದ್ಯರ ಚೀಟಿ ಇಲ್ಲದೆ ಅಂಗಡಿಯವರು ಕೊಡುವಂತಿಲ್ಲ. ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಎಂದು ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ನಮ್ಮ ಸಂಘದ ಲೆಕ್ಕದ ಪುಸ್ತಕದಷ್ಟೇ ಕಟ್ಟುನಿಟ್ಟು. ಅಂಗಡಿಯವನೇ ಹೆಸರು ಬರೆಯದೆ ಕೊಡಬಾರದ ಮಾತ್ರೆಯನ್ನು ನಾವು ಸೆರಗಿನ ಮರೆಯಲ್ಲಿ ಕೊಡಬಹುದೇ?

ಹಾಗಾದರೆ ನಿದ್ದೆ ಬಾರದವರು ಏನು ಮಾಡಬೇಕು?

ದೇಹದಲ್ಲೇ ಇರುವ ಅಡಿನೋಸಿನ್‌ಗೆ ಕೆಲಸ ಮಾಡಲು ಬಿಡಬೇಕು.

* ರಾತ್ರಿ ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಆಗ ಸಂಜೆಯ ವೇಳೆಗೆ ಬೂದಿ ಸರಿಯಾಗಿ ಸೇರುತ್ತದೆ.
* ಮಧ್ಯಾಹ್ನ ಮಲಗುವುದಾದರೆ ಅರ್ಧ ಗಂಟೆ ಸಾಕು. ಸಂಜೆ ಹೊತ್ತು ಟಿ.ವಿ. ಮುಂದೆ ತೂಕಡಿಸಿದರೆ ರಾತ್ರಿಗೆ ಬೇಕಾದ ನಿದ್ದೆಯನ್ನು ಆಗಲೇ ಖರ್ಚು ಮಾಡಿದ ಹಾಗೆ.
* ಮಧ್ಯಾಹ್ನದ ನಂತರ ಕಾಫಿ, ಚಹಾ ಬೇಡ. ಒಮ್ಮೆಗೇ ಬಿಡಲು ಆಗದಿದ್ದರೆ ಲೋಟ ಚಿಕ್ಕದು ಮಾಡಿ.
* ಹಾಸಿಗೆಯಲ್ಲಿ ಹೊರಳಾಡುತ್ತಾ ಗಡಿಯಾರ ನೋಡಬೇಡಿ. ನಿದ್ದೆ ಬಾರದಿದ್ದರೆ ಎದ್ದು ಕುಳಿತು ಪ್ರಾರ್ಥನೆಯೋ ಸಣ್ಣ ಕೆಲಸವೋ ಮಾಡಿ, ಕಣ್ಣು ಎಳೆದಾಗ ಮಲಗಿ.
* ದಮ್ಮಿಗೆ ಥಿಯೋಫಿಲಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ. ಅದೂ ನಿದ್ದೆ ಕೆಡಿಸಬಹುದು.

ಇಷ್ಟು ಮಾಡಿದರೂ ನಿದ್ದೆ ಬಾರದಿದ್ದರೆ, ಮನಸ್ಸಿನಲ್ಲಿ ಏನಿದೆ ಎಂದು ನೋಡಬೇಕು. ಸಾಲದ ಕಂತು, ಮಗಳ ಮದುವೆ, ಗಂಡನ ಕುಡಿತ, ಹೇಳಿಕೊಳ್ಳಲಾಗದ ಬೇಸರ ಇವಕ್ಕೆ ಮಾತ್ರೆ ಪರಿಹಾರವಲ್ಲ. ಕಿರುಸಾಲ ವಸೂಲಿಗೆ ಬರುವವರ ಬಲವಂತ ತಡೆಯಲು 2025ರಲ್ಲಿ ಕರ್ನಾಟಕದಲ್ಲಿ ಕಾನೂನೇ ಬಂದಿದೆ. ಬೆದರಿಕೆ ಹಾಕಿದರೆ ದೂರು ಕೊಡಬಹುದು. ಬೇಸರ, ಭಯ ಎರಡು ವಾರಕ್ಕಿಂತ ಹೆಚ್ಚು ಇದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಸಿಗುತ್ತದೆ. ಕುಡಿತ, ಮಾತ್ರೆಯ ಚಟ ಬಿಡಿಸಲು 14446 ಎಂಬ ಸಹಾಯವಾಣಿ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇದ್ದಾರೆ. ಅಲ್ಲಿಗೆ ಹೋದವರೆಲ್ಲ ಹುಚ್ಚರು ಎಂಬ ಮಾತನ್ನು ಇನ್ನು ಮೇಲೆ ನಮ್ಮ ಸಂಘದಲ್ಲಿ ಯಾರೂ ಆಡದಿರೋಣ. ವೈದ್ಯರು ಪರೀಕ್ಷೆ ಮಾಡಿ, ಕೆಲವು ದಿನಕ್ಕೆಂದು ಮಾತ್ರೆ ಬರೆದುಕೊಟ್ಟರೆ ಅದನ್ನು ಹೇಳಿದ ಹಾಗೆ ತೆಗೆದುಕೊಳ್ಳಿ. ಅದರಲ್ಲಿ ತಪ್ಪಿಲ್ಲ.

ಸಂಘ ಏನು ಮಾಡಬಹುದು?

ಮುಂದಿನ ವಾರದ ಸಭೆಯಲ್ಲಿ ಈ ಮೂರು ವಿಷಯಗಳನ್ನು ಚರ್ಚಿಸಿ, ಒಪ್ಪಿಗೆಯಾದರೆ ಠರಾವು ಪುಸ್ತಕದಲ್ಲಿ ಬರೆಯಿರಿ.

1. ನಮ್ಮ ಸಂಘದ ಯಾವ ಸದಸ್ಯೆಯೂ ನಿದ್ದೆ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ, ಇನ್ನೊಬ್ಬರಿಂದ ಪಡೆಯುವುದಿಲ್ಲ.
2. ಮನೆಯಲ್ಲಿ ಇಂಥ ಮಾತ್ರೆ ಇದ್ದರೆ ಮಕ್ಕಳ ಕೈಗೆ, ಕುಡಿದವರ ಕೈಗೆ ಸಿಗದ ಹಾಗೆ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತೇವೆ.
3. ನಿದ್ದೆ ಬಾರದ ಸದಸ್ಯೆಯ ಜೊತೆ ಆಶಾ ಕಾರ್ಯಕರ್ತೆ ಅಥವಾ ಸಂಘದ ಒಬ್ಬರು ಆಸ್ಪತ್ರೆಗೆ ಹೋಗುತ್ತೇವೆ. ಬಸ್ಸಿನ ಖರ್ಚಿಗೆ ತೊಂದರೆಯಾದರೆ ಆಂತರಿಕ ಸಾಲದಿಂದ ಕೊಡುತ್ತೇವೆ.

ಹತ್ತು ರೂಪಾಯಿ ವಾರದ ಉಳಿತಾಯದಿಂದ ಶುರುಮಾಡಿ ಇಷ್ಟು ದೂರ ಬಂದ ನಮಗೆ ಇದು ದೊಡ್ಡ ಕೆಲಸವಲ್ಲ. "ನಿದ್ದೆ ಬರ್ತಿಲ್ಲ ಅಕ್ಕಾ" ಎಂದು ಯಾರಾದರೂ ಹೇಳಿದಾಗ ಮಾತ್ರೆ ಹುಡುಕುವುದಕ್ಕಿಂತ, "ಯಾಕೆ, ಏನಾಯ್ತು? ಕೂತ್ಕೋ, ಹೇಳು" ಎಂದು ಕೇಳೋಣ.

ದೇವರು ನಿಮ್ಮೆಲ್ಲರಿಗೂ ಹಗಲು ದುಡಿಯುವ ಶಕ್ತಿಯನ್ನು, ರಾತ್ರಿ ನೆಮ್ಮದಿಯ ನಿದ್ದೆಯನ್ನು ಕೊಡಲಿ.